ತಿಂದ ಮೇಲೆ ಗಡಿಯಾರ ನೋಡಿ: ಊಟದ ಅಲರ್ಜಿಯನ್ನು ಕರುಳಿನ ಒಳಗಿಂದ ಅರ್ಥ ಮಾಡಿಕೊಳ್ಳುವ ಬಗೆ

ಮನೆಯಲ್ಲಿ ಒಬ್ಬರಿಗೆ ಊಟದ ಅಲರ್ಜಿ ಇದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಒಂದು ಚೀಟಿ. ಹಾಲು ಬೇಡ, ಮೊಟ್ಟೆ ಬೇಡ, ಕಡಲೆಕಾಯಿ ಬೇಡ. ಯಾಕೆ ಬೇಡ, ಎಷ್ಟು ದಿನ ಬೇಡ, ಗೊತ್ತಿಲ್ಲದೆ ಒಂದು ಚಮಚ ಹೊಟ್ಟೆಗೆ ಹೋದರೆ ಏನು ಮಾಡಬೇಕು, ಇದನ್ನು ಕೂತು ಹೇಳುವವರು ಕಡಿಮೆ. ಆಮೇಲೆ ಅಜ್ಜಿ ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು, ವಾಟ್ಸಾಪ್ ಮತ್ತೊಂದು. ಕೊನೆಗೆ ಮಗು ಅನ್ನ ಸಾರು ಬಿಟ್ಟು ಬೇರೇನೂ ತಿನ್ನದ ಸ್ಥಿತಿಗೆ ಬರುತ್ತದೆ.

ಇದನ್ನು ಬಿಡಿಸಿಕೊಳ್ಳಲು ಒಂದು ಪ್ರಶ್ನೆಯಿಂದ ಶುರು ಮಾಡಿ: ತಿಂದು ಎಷ್ಟು ಹೊತ್ತಿಗೆ ತೊಂದರೆ ಬಂತು? ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕೋಶಗಳಲ್ಲಿ ಒಂದೊಂದು ಜಾತಿಗೂ ಅದರದೇ ವೇಗ ಇದೆ. ಕೆಲವು ನಿಮಿಷಗಳಲ್ಲಿ ಕೆರಳುತ್ತವೆ, ಕೆಲವು ಗಂಟೆಗಳಲ್ಲಿ, ಕೆಲವು ವಾರಗಟ್ಟಲೆ ಸದ್ದಿಲ್ಲದೆ ಸೇರುತ್ತಾ ಹೋಗುತ್ತವೆ. ಯಾವ ಕೋಶ ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ಪರೀಕ್ಷೆ, ಔಷಧಿ, ಪಥ್ಯ ಎಲ್ಲವೂ ಬದಲಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿಕೊಂಡು ಮನೆಯಲ್ಲಿ "ಸ್ವಲ್ಪ ತಿನ್ನಿಸಿ ನೋಡೋಣ" ಅಂತ ಹೊರಡಬೇಡಿ. ವೈದ್ಯರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ ಇದು.

ಸರಿಯಾಗಿರುವ ಕರುಳು ಏನು ಮಾಡುತ್ತದೆ

ಸಣ್ಣ ಕರುಳಿನ ಒಳಮೈಯಲ್ಲಿರುವುದು ಒಂದೇ ಒಂದು ಸಾಲು ಕೋಶಗಳ ಪದರ. ಅದೂ ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಆ ತೆಳ್ಳನೆ ಗೋಡೆಯ ಹಿಂದೆಯೇ ನಮ್ಮ ದೇಹದ ರಕ್ಷಣಾ ಕೋಶಗಳ ದೊಡ್ಡ ಪಾಲು ಇದೆ. ಬೇಳೆ, ಮೊಸರು, ಮೀನು ಇವುಗಳ ಪ್ರೋಟೀನ್ ದೇಹಕ್ಕೆ ಹೊರಗಿನದು, ರೋಗಾಣುವಿನ ಪ್ರೋಟೀನ್ ಕೂಡ ಹೊರಗಿನದೇ. ಹಾಗಿದ್ದೂ ಕೋಟ್ಯಂತರ ಜನ ದಿನಕ್ಕೆ ಮೂರು ಹೊತ್ತು ಉಂಡು ಆರಾಮಾಗಿದ್ದಾರೆ ಅಂದರೆ, ಅಲ್ಲಿ ಯಾರೋ ಸಮಾಧಾನ ಮಾಡುತ್ತಿದ್ದಾರೆ ಅಂತಾಯಿತು.

ಆ ಕೆಲಸ ಮುಖ್ಯವಾಗಿ ಡೆಂಡ್ರಿಟಿಕ್ ಕೋಶಗಳದ್ದು. ಊಟದ ಪ್ರೋಟೀನಿನ ತುಣುಕು ಎತ್ತಿಕೊಂಡು ಪಕ್ಕದ ಲಿಂಫ್ ಗ್ರಂಥಿಗೆ ಹೋಗಿ ಅಲ್ಲಿನ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಜೊತೆಗೆ ವಿಟಮಿನ್ ಎ ಇಂದ ತಯಾರಾದ ರೆಟಿನೋಯಿಕ್ ಆಮ್ಲ, ಟಿಜಿಎಫ್ ಬೀಟಾ ಅನ್ನುವ ಸಂಕೇತ ಇವನ್ನೂ ಕೊಡುತ್ತವೆ. ಆಗ ಆ ಟಿ ಕೋಶ ಜಗಳಗಂಟಿ ಆಗದೆ ನಿಯಂತ್ರಕ ಟಿ ಕೋಶ ಆಗುತ್ತದೆ, ಮರಳಿ ಕರುಳಿಗೆ ಬಂದು ಉಳಿದವರನ್ನು ಸುಮ್ಮನಿರಿಸುತ್ತದೆ. ಹೀಗೆ ತಿಂದು ತಿಂದೇ ಸಹನೆ ಬರುತ್ತದೆ. 1911 ರಲ್ಲೇ ಅಮೆರಿಕದ ಗಿಡಿಯನ್ ವೆಲ್ಸ್ ಗಿನಿಪಿಗ್‌ಗಳಲ್ಲಿ ಇದನ್ನು ತೋರಿಸಿದ್ದರು. ಮೊದಲೇ ಮೊಟ್ಟೆಯ ಪ್ರೋಟೀನ್ ತಿಂದಿದ್ದ ಪ್ರಾಣಿಗಳಿಗೆ ಆಮೇಲೆ ಅದನ್ನೇ ಚುಚ್ಚಿದರೂ ಆಘಾತ ಆಗಲಿಲ್ಲ.

ಎಲ್ಲಿ ಕೆಡುತ್ತದೆ, ನೀವು ಎಲ್ಲಿ ತಡೆಯಬಹುದು

ಗೋಡೆಯ ಕೋಶಗಳಿಗೆ ಪೆಟ್ಟು ಬಿದ್ದರೆ ಅವು ಅಪಾಯದ ಸಂಕೇತ ಕಳಿಸುತ್ತವೆ. ಐಎಲ್-33, ಐಎಲ್-25, ಟಿಎಸ್ಎಲ್‌ಪಿ ಅಂತ ಅವುಗಳ ಹೆಸರು. ಅದೇ ಹೊತ್ತಿಗೆ ಅಲ್ಲಿ ಊಟದ ಪ್ರೋಟೀನ್ ಇದ್ದರೆ ಟಿ ಕೋಶ ತಪ್ಪು ದಾರಿ ಹಿಡಿಯಬಹುದು, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಐಎಲ್-4 ಅನ್ನುವ ಸಂಕೇತ ಕೊಟ್ಟು ಐಜಿಇ ಅನ್ನುವ ಪ್ರತಿಕಾಯ ಮಾಡಿಸುತ್ತದೆ. ಆ ಐಜಿಇ ಹೋಗಿ ಮಾಸ್ಟ್ ಕೋಶ ಅನ್ನುವ ರಕ್ಷಣಾ ಕೋಶಗಳ ಮೈಗೆ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ಆದರೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಸಲ ಅದೇ ಪ್ರೋಟೀನ್ ಬರುವವರೆಗೆ ಮಾಸ್ಟ್ ಕೋಶಗಳು ಹೂಡಿಟ್ಟ ಇಲಿಬೋನಿನ ಹಾಗೆ ಸುಮ್ನೆ ಕೂತಿರುತ್ತವೆ.

ಈ ಪೆಟ್ಟು ಎಷ್ಟೋ ಸಲ ಕರುಳಿನಲ್ಲಿ ಅಲ್ಲ, ಚರ್ಮದಲ್ಲಿ ಆಗುತ್ತದೆ. ಎಕ್ಸಿಮಾ ಇರುವ ಮಗುವಿನ ಬಿರುಕು ಬಿಟ್ಟ ಚರ್ಮದ ಮೂಲಕ ಮೊದಲು ಒಳಗೆ ಹೋದ ಪ್ರೋಟೀನ್ ಅಲರ್ಜಿಗೆ ದಾರಿ ಮಾಡುತ್ತದೆ, ಬಾಯಿಯ ಮೂಲಕ ಮೊದಲು ಹೋದದ್ದು ಸಹನೆಗೆ. ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ 2015 ರಲ್ಲಿ ಪ್ರಕಟಿಸಿದ ಲೀಪ್ ಅಧ್ಯಯನ ಈ ಲೆಕ್ಕಾಚಾರವನ್ನೇ ಪರೀಕ್ಷೆಗೆ ಹಚ್ಚಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಜನಕ್ಕೆ ಕಡಲೆಕಾಯಿ ತಿನ್ನಿಸಿದರು, ಅರ್ಧ ಜನಕ್ಕೆ ದೂರ ಇಟ್ಟರು. ಶುರುವಿನಲ್ಲಿ ಚರ್ಮ ಪರೀಕ್ಷೆ (ಚರ್ಮಕ್ಕೆ ಸ್ವಲ್ಪ ಚುಚ್ಚಿ ಅಲರ್ಜಿ ನೋಡುವುದು) ನೆಗೆಟಿವ್ ಇದ್ದ ಮಕ್ಕಳಲ್ಲಿ, ಐದು ವರ್ಷ ತುಂಬುವಾಗ ದೂರ ಇಟ್ಟವರಿಗೆ 13.7 ಶೇಕಡಾ ಅಲರ್ಜಿ ಇತ್ತು, ತಿಂದವರಿಗೆ 1.9 ಶೇಕಡಾ. ಮುಂಚೆ "ತಡವಾಗಿ ಕೊಡಿ" ಅಂದಿದ್ದ ಸಲಹೆ ತಲೆಕೆಳಗಾಯಿತು.

ನೀವು ಮಾಡಬೇಕಾದದ್ದು: ಎಕ್ಸಿಮಾ ಇದ್ದರೆ ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಕೊಡಿಸಿ. ಒಡೆದ ಚರ್ಮಕ್ಕೆ ಕಡಲೆಹಿಟ್ಟು ತಿಕ್ಕಿ ಸ್ನಾನ ಮಾಡಿಸುವುದು, ಬಾದಾಮಿ ಎಣ್ಣೆ ಹಚ್ಚುವುದು, ಹಾಲಿನ ಕೆನೆ ಸವರುವುದು, ಇವನ್ನು ನಾನಂತೂ ಬೇಡ ಅನ್ನುತ್ತೇನೆ, ಅಜ್ಜಿಯಂದಿರು ಬೇಜಾರು ಮಾಡಿಕೊಂಡರೂ ಸರಿ. ಮೇಲೂಟ ಶುರು ಮಾಡಿದ ಮೇಲೆ ಮೊಟ್ಟೆ, ಕಡಲೆಕಾಯಿ ಇವನ್ನು ಸುಮ್ನೆ ಮುಂದೂಡಬೇಡಿ. ತೀವ್ರ ಎಕ್ಸಿಮಾ ಇದ್ದರೆ ಅಥವಾ ಆಗಲೇ ಒಂದು ಅಲರ್ಜಿ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಕೊಡಿ. ಕಡಲೆಕಾಯಿ ನುಣ್ಣಗೆ ಅರೆದು ತೆಳುವಾಗಿಸಿಯೇ ಕೊಡಬೇಕು, ಇಡೀ ಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ದೊಡ್ಡವರಿಗೆ ಒಂದು ಮಾತು. ಹೊಟ್ಟೆಯ ಆಮ್ಲ ಪ್ರೋಟೀನ್ ಕತ್ತರಿಸುವ ಕೆಲಸಕ್ಕೆ ಬೇಕು. ಆಮ್ಲ ತಗ್ಗಿಸುವ ಔಷಧಿ ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಊಟದ ವಿರುದ್ಧ ಹೊಸ ಐಜಿಇ ಹುಟ್ಟಿದ್ದು ಕಂಡುಬಂದಿದೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸ ವೈದ್ಯರು ಹೇಳದೇ ಬಂದಿದ್ದರೆ ಅದನ್ನು ಅವರ ಹತ್ತಿರ ಮಾತಾಡಿ.

ಡೈರಿ ಇಡಿ, ಆದರೆ ಗಂಟೆ ನಿಮಿಷ ಸಮೇತ

ಒಂದು ಪುಸ್ತಕ ಇಡಿ. ಮೊದಲ ತುತ್ತು ಎಷ್ಟು ಗಂಟೆಗೆ, ಮೊದಲ ಲಕ್ಷಣ ಎಷ್ಟು ಗಂಟೆಗೆ, ಎಷ್ಟು ತಿಂದದ್ದು, ಹಸಿಯೋ ಬೇಯಿಸಿದ್ದೋ ಹುರಿದದ್ದೋ. ಆ ದಿನ ಜ್ವರ ಇತ್ತಾ, ಓಟ ಆಟ ಆಡಿದರಾ, ನೋವಿನ ಮಾತ್ರೆ ನುಂಗಿದರಾ, ದೊಡ್ಡವರಾದರೆ ಮದ್ಯ ಕುಡಿದರಾ, ಇದನ್ನೂ ಬರೆಯಿರಿ. ಇವೆಲ್ಲ ಕರುಳಿನ ಗೋಡೆಯನ್ನು ಸಡಿಲ ಮಾಡಬಲ್ಲವು, ಮಾಸ್ಟ್ ಕೋಶವನ್ನೂ ಬೇಗ ಕೆರಳಿಸಬಲ್ಲವು. ಚಪಾತಿ ತಿಂದು ಸುಮ್ನೆ ಕೂತರೆ ಏನೂ ಇಲ್ಲ, ಚಪಾತಿ ತಿಂದು ಜಾಗಿಂಗ್ ಹೋದರೆ ಮೈಯೆಲ್ಲ ದದ್ದು, ತಲೆಸುತ್ತು, ಹೀಗೆ ಆಗುವ ಗೋಧಿ ಅಲರ್ಜಿ ನಿಜಕ್ಕೂ ಇದೆ.

ಈಗ ಗಡಿಯಾರ ಓದೋಣ. ನಿಮಿಷಗಳಿಂದ ಎರಡು ಗಂಟೆ ಒಳಗೆ ಬಂದರೆ ಅದು ಹೆಚ್ಚಾಗಿ ಮಾಸ್ಟ್ ಕೋಶದ ಕೆಲಸ. ಅವುಗಳ ಒಳಗೆ ಹಿಸ್ಟಮಿನ್, ಟ್ರಿಪ್ಟೇಸ್ ಅನ್ನುವ ರಾಸಾಯನಿಕಗಳು ತಯಾರಾಗಿಯೇ ಇರುತ್ತವೆ, ಐಜಿಇಗೆ ಪ್ರೋಟೀನ್ ತಾಗಿದ ಕೂಡಲೇ ಹೊರಗೆ ಚೆಲ್ಲುತ್ತವೆ. ಹಿಂದೆಯೇ ಲ್ಯೂಕೋಟ್ರೈನ್‌ಗಳನ್ನು ಹೊಸದಾಗಿ ಮಾಡಿ ಬಿಡುತ್ತವೆ. ಕರುಳಿನ ಸ್ನಾಯು ಹಿಂಡುತ್ತದೆ, ನೀರು ಒಳಗೆ ಸುರಿಯುತ್ತದೆ, ವಾಂತಿ, ಹೊಟ್ಟೆ ನುಲಿತ, ಭೇದಿ. ರಕ್ತಕ್ಕೆ ಸೇರಿದರೆ ದದ್ದು, ತುಟಿ ಊತ, ಉಬ್ಬಸ, ಬಿಪಿ ಕುಸಿತ.

ಒಂದರಿಂದ ನಾಲ್ಕು ಗಂಟೆಗೆ ಕೂಸು ಬಿಡದೆ ವಾಂತಿ ಮಾಡಿ, ಬಿಳಚಿಕೊಂಡು, ಸೋತು ಜೋತುಬಿದ್ದರೆ, ಮೈಮೇಲೆ ಒಂದು ದದ್ದೂ ಇಲ್ಲದಿದ್ದರೆ, ಅದು ಬೇರೆ ಜಾತಿ. ಎಫ್‌ಪಿಐಇಎಸ್ ಅಂತಾರೆ, ಊಟದ ಪ್ರೋಟೀನಿನಿಂದ ಕರುಳು ಕೆರಳುವ ಕಾಯಿಲೆ. ಇಲ್ಲಿ ಐಜಿಇ ಪಾತ್ರ ಇಲ್ಲ, ಹಾಗಾಗಿ ಅಲರ್ಜಿ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಹೊಟ್ಟೆ ಸೋಂಕು ಅಂತ ಡ್ರಿಪ್ ಹಾಕಿ ಕಳಿಸಿಬಿಡುತ್ತಾರೆ, ಎರಡು ವಾರ ಬಿಟ್ಟು ಅದೇ ತಿನಿಸು ಕೊಟ್ಟಾಗ ಮತ್ತೆ ಅದೇ ಕಥೆ. ಹಾಲು, ಸೋಯಾ ಮಾತ್ರ ಅಲ್ಲ, ಅಕ್ಕಿಯಿಂದಲೂ ಇದು ಬರುತ್ತದೆ. ನಾವು ಮೊದಲ ತುತ್ತಾಗಿ ಕೊಡುವುದೇ ಅಕ್ಕಿ ಗಂಜಿ ಅಲ್ವಾ, ಅದಕ್ಕೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಇದಕ್ಕೆ ಅಲರ್ಜಿ ಮಾತ್ರೆ ಕೆಲಸ ಮಾಡುವುದಿಲ್ಲ, ನೀರಿನಂಶ ತುಂಬಿಸುವುದು ಮುಖ್ಯ, ಕೂಡಲೇ ಆಸ್ಪತ್ರೆಗೆ ಹೋಗಿ.

ಅಮೆರಿಕದ ಆಗ್ನೇಯ ಭಾಗದಲ್ಲಿರುವ ಕನ್ನಡಿಗರು ಗಮನಿಸಿ: ಸಂಜೆ ಮಟನ್ ತಿಂದು ನಡುರಾತ್ರಿ ಮೈ ತುರಿಸಿ ಎದ್ದರೆ ಉಣ್ಣೆ ಹುಳ ಕಚ್ಚಿತ್ತಾ ಅಂತ ನೆನಪು ಮಾಡಿಕೊಳ್ಳಿ. ಆ ಹುಳ ಕಚ್ಚಿದ ಮೇಲೆ ಮಾಂಸದಲ್ಲಿರುವ ಆಲ್ಫಾ ಗ್ಯಾಲ್ ಅನ್ನುವ ಸಕ್ಕರೆಗೆ ಹುಟ್ಟುವ ಈ ಅಲರ್ಜಿ ಐಜಿಇಯದ್ದೇ ಆದರೂ ಮೂರರಿಂದ ಆರು ಗಂಟೆ ತಡವಾಗಿ ಬರುತ್ತದೆ.

ದಿನ, ವಾರಗಳ ಲೆಕ್ಕದಲ್ಲಿ ನಡೆಯುವುದು ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳ ಕೆಲಸ. ಐಎಲ್-5, ಐಎಲ್-13 ಕರೆದಾಗ ಇವು ಅನ್ನನಾಳಕ್ಕೆ ಬಂದು ಸೇರಿಕೊಳ್ಳುತ್ತವೆ, ಗೋಡೆ ಊದುತ್ತದೆ, ವರ್ಷಗಳು ಕಳೆದರೆ ಗಟ್ಟಿಯಾಗಿ ಕಿರಿದಾಗುತ್ತದೆ. ರೊಟ್ಟಿ, ಮಾಂಸ ಗಂಟಲಲ್ಲಿ ನಿಲ್ಲುವುದು, ಪ್ರತಿ ತುತ್ತಿಗೂ ನೀರು ಕುಡಿಯುವುದು, ಎಲ್ಲರಿಗಿಂತ ಕೊನೆಗೆ ಊಟ ಮುಗಿಸುವುದು, ಇವು ಗುರುತು. "ಇವನು ನಿಧಾನಕ್ಕೆ ಊಟ ಮಾಡುವವನು" ಅಂತ ಮನೆಯವರು ಹೊಂದಿಕೊಂಡುಬಿಟ್ಟಿರುತ್ತಾರೆ. ಇದನ್ನು ಪತ್ತೆ ಮಾಡುವುದು ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಒಂದು ನೋಟಕ್ಕೆ 15 ಅಥವಾ ಜಾಸ್ತಿ ಇಯೊಸಿನೊಫಿಲ್ ಕಂಡರೆ ಅನುಮಾನ ಬಲವಾಗುತ್ತದೆ. ಚರ್ಮ ಪರೀಕ್ಷೆ ನೋಡಿ ಪಥ್ಯ ನಿರ್ಧರಿಸಿದರೆ ಇಲ್ಲಿ ದಾರಿ ತಪ್ಪುತ್ತದೆ.

ಇನ್ನು ರಕ್ಷಣಾ ಕೋಶಗಳಿಗೆ ಸಂಬಂಧವೇ ಇಲ್ಲದ ತೊಂದರೆಗಳೂ ಇವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರು ಆದರೆ ಪರವಾಗಿಲ್ಲ ಅನ್ನುವವರದ್ದು ಹೆಚ್ಚಾಗಿ ಲ್ಯಾಕ್ಟೋಸ್ ಅರಗದ ಸಮಸ್ಯೆ, ಅಲರ್ಜಿ ಅಲ್ಲ.

ಪರೀಕ್ಷೆ ಕೇಳುವ ಮೊದಲು

ಕರ್ನಾಟಕದ ವಯಸ್ಕರ ಮೇಲೆ ಯೂರೋಪ್ರಿವಾಲ್ ಅನ್ನುವ ಆಹಾರ ಅಲರ್ಜಿ ಸಂಶೋಧನಾ ಯೋಜನೆಯಲ್ಲಿ ನಡೆದ ಅಧ್ಯಯನವೊಂದು 2016 ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯಾವುದೋ ಒಂದು ಆಹಾರಕ್ಕೆ ಐಜಿಇ ಇದ್ದವರು 26.5 ಶೇಕಡಾ. ಲಕ್ಷಣವೂ ಸೇರಿ ಅಲರ್ಜಿ ಇರಬಹುದು ಅನ್ನಿಸಿದವರು 1.2 ಶೇಕಡಾ. ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಅಂದರೆ ಲ್ಯಾಬಿನಲ್ಲಿ ಪಾಸಿಟಿವ್ ಬಂದವರಲ್ಲಿ ಬಹುಪಾಲು ಜನ ಅದನ್ನು ತಿಂದು ಹಾಯಾಗಿದ್ದಾರೆ. ಐಜಿಇ ಇದ್ದ ಮಾತ್ರಕ್ಕೆ ಮಾಸ್ಟ್ ಕೋಶ ಸಿಡಿಯುವುದಿಲ್ಲ, ಅದು ಸಾಕಷ್ಟು ಇರಬೇಕು, ಗಟ್ಟಿಯಾಗಿ ಹಿಡಿಯಬೇಕು, ಒಂದೇ ಪ್ರೋಟೀನ್ ಪಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಜೋಡಿಸಬೇಕು, ನಡುವೆ ಐಜಿಜಿ4 ಅನ್ನುವ ಇನ್ನೊಂದು ಪ್ರತಿಕಾಯ ಬಂದು ಅಡ್ಡ ಹಾಕಬಾರದು.

ಹಾಗಾಗಿ "ಎಲ್ಲದಕ್ಕೂ ಟೆಸ್ಟ್ ಮಾಡಿಬಿಡಿ" ಅನ್ನಬೇಡಿ. ಡೈರಿಯಲ್ಲಿ ಅನುಮಾನ ಇರುವ ಒಂದೆರಡು ಪದಾರ್ಥಕ್ಕೆ ಮಾತ್ರ ಮಾಡಿಸಿ. ಚರ್ಮ ಪರೀಕ್ಷೆಗೆ ಮೊದಲು ಅಲರ್ಜಿ ಮಾತ್ರೆ ಕೆಲವು ದಿನ ನಿಲ್ಲಿಸಬೇಕು, ಇಲ್ಲದಿದ್ದರೆ ಸುಳ್ಳು ನೆಗೆಟಿವ್ ಬರುತ್ತದೆ. ಎಷ್ಟು ದಿನ ಅಂತ ಮೊದಲೇ ಕೇಳಿ. ಗೊಂದಲ ಉಳಿದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆಯೇ ಕೊನೆಯ ಮಾತು.

ನೂರಾರು ಆಹಾರಕ್ಕೆ ಐಜಿಜಿ ಪರೀಕ್ಷೆ ಮಾಡಿ ಬಣ್ಣದ ಪಟ್ಟಿ ಕೊಡುವ ಪ್ಯಾಕೇಜುಗಳಿವೆಯಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಐಜಿಜಿ4 ಇದೆ ಅಂದರೆ ನೀವು ಅದನ್ನು ತಿನ್ನುತ್ತಿದ್ದೀರಿ ಅಂತ ಅಷ್ಟೇ ಅರ್ಥ, ಎಷ್ಟೋ ಸಲ ದೇಹ ಅದಕ್ಕೆ ಒಗ್ಗಿದೆ ಅನ್ನುವುದರ ಗುರುತು ಕೂಡ. ಯೂರೋಪ್, ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಇದನ್ನು ಅಲರ್ಜಿ ಪತ್ತೆಗೆ ಬಳಸಬೇಡಿ ಅಂತ ಯಾವಾಗಲೋ ಹೇಳಿವೆ.

ಬಿಡುವುದು, ಮತ್ತೆ ಕೊಡುವುದು

ತಡವಾಗಿ ಬರುವ ಲಕ್ಷಣಗಳಿಗೆ ಒಂದು ಪದಾರ್ಥ ಬಿಟ್ಟು ನೋಡುವ ಪದ್ಧತಿ ಇದೆ. ಒಂದೇ ಸಲ ಐದಾರು ಬಿಡಿಸಿದರೆ ಯಾವುದರಿಂದ ಅಂತ ಗೊತ್ತಾಗುವುದು ಕಷ್ಟ, ಮಗು ಮಾತ್ರ ಸೊರಗುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸಾಕು, ಅನ್ನನಾಳದ ಇಯೊಸಿನೊಫಿಲ್ ಕಾಯಿಲೆಗೆ ಇನ್ನೂ ಜಾಸ್ತಿ ಬೇಕು, ಆಮೇಲೆ ಮತ್ತೆ ಎಂಡೋಸ್ಕೋಪಿ. ಬಿಡಿಸಿದ್ದು ಎಷ್ಟು ಮುಖ್ಯವೋ ಮತ್ತೆ ಕೊಟ್ಟು ನೋಡುವುದೂ ಅಷ್ಟೇ ಮುಖ್ಯ. ಎಕ್ಸಿಮಾ ಇರುವ ಮಗು ಆರಾಮಾಗಿ ತಿನ್ನುತ್ತಿದ್ದ ಹಾಲನ್ನು ಬರೀ ರಕ್ತ ಪರೀಕ್ಷೆ ನೋಡಿ ತಿಂಗಳುಗಟ್ಟಲೆ ಬಿಡಿಸಿ, ಆಮೇಲೆ ಕೊಟ್ಟಾಗ ತೀವ್ರ ಅಲರ್ಜಿ ಆದ ಉದಾಹರಣೆಗಳಿವೆ. ತಿನ್ನುವುದು ನಿಂತಾಗ ಸಹನೆಯೂ ಸಡಿಲವಾಗುತ್ತದೆ.

ಹಸುವಿನ ಹಾಲಿಗೆ ಅಲರ್ಜಿ ಇದ್ದರೆ ಮೇಕೆ ಹಾಲು, ಎಮ್ಮೆ ಹಾಲು, ಎ2 ಹಾಲು ಯಾವುದೂ ಪರಿಹಾರ ಅಲ್ಲ. ಪ್ರೋಟೀನುಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂದರೆ ಐಜಿಇಗೆ ವ್ಯತ್ಯಾಸ ತಿಳಿಯುವುದಿಲ್ಲ. ತುಪ್ಪದಲ್ಲೂ ಹಾಲಿನ ಪ್ರೋಟೀನ್ ಚೂರುಪಾರು ಉಳಿದಿರುತ್ತದೆ. ಕೂಸಿಗೆ ಯಾವ ಪುಡಿ ಹಾಲು ಅಂತ ವೈದ್ಯರೇ ಹೇಳಬೇಕು, ದೊಡ್ಡ ಮಕ್ಕಳಿಗೆ ಕ್ಯಾಲ್ಸಿಯಂಗೆ ರಾಗಿ ಇದೆ. ಹಾಲು ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರು ಕೇಕು, ಬಿಸ್ಕತ್ತಿನಲ್ಲಿ ಚೆನ್ನಾಗಿ ಬೆಂದ ಹಾಲನ್ನು ತಡೆದುಕೊಳ್ಳುತ್ತಾರೆ, ಯಾಕೆಂದರೆ ಬಿಸಿಗೆ ಪ್ರೋಟೀನಿನ ಆಕಾರ ಬದಲಾಗಿ ಐಜಿಇಗೆ ಹಿಡಿತ ಸಿಗುವುದಿಲ್ಲ. ನಿಮ್ಮ ಮಗು ಆ ಗುಂಪಿನದಾ ಅನ್ನುವುದನ್ನು ಆಸ್ಪತ್ರೆಯಲ್ಲೇ ನೋಡಿಸಿ. ಕಡಲೆಕಾಯಿ ಹುರಿದರೆ ಇದರ ಉಲ್ಟಾ, ಅಲರ್ಜಿ ಗುಣ ಹೆಚ್ಚುತ್ತದೆ.

ಉಸಿರಿಗೆ ತೊಂದರೆ ಬಂದರೆ

ದದ್ದಿನ ಜೊತೆ ಉಬ್ಬಸ, ಧ್ವನಿ ಬದಲಾವಣೆ, ಮತ್ತೆ ಮತ್ತೆ ವಾಂತಿ ಅಥವಾ ತಲೆಸುತ್ತು ಇದ್ದರೆ ಅದು ಅನಾಫಿಲಾಕ್ಸಿಸ್, ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ. ಅಲರ್ಜಿ ಇರುವುದು ಗೊತ್ತಿದ್ದವರು ಅದನ್ನೇ ತಿಂದ ಮೇಲೆ ದದ್ದೇ ಇಲ್ಲದೆ ಬರೀ ಉಬ್ಬಸ ಬಂದರೂ, ತಲೆಸುತ್ತಿ ಬಿದ್ದರೂ ಅದೇ. ಔಷಧಿ ಅಡ್ರಿನಲಿನ್, ಬೇರೆ ಯಾವುದೂ ಅಲ್ಲ. ಅಲರ್ಜಿ ಮಾತ್ರೆ ಹಿಸ್ಟಮಿನ್ ಒಂದನ್ನು ತಡೆಯುತ್ತದೆ, ಅದೂ ನಿಧಾನಕ್ಕೆ, ಲ್ಯೂಕೋಟ್ರೈನ್ ಮತ್ತು ಉಳಿದವು ತಮ್ಮ ಪಾಡಿಗೆ ಕೆಲಸ ಮುಂದುವರಿಸುತ್ತವೆ. ಅಡ್ರಿನಲಿನ್ ರಕ್ತನಾಳ ಬಿಗಿ ಮಾಡುತ್ತದೆ, ಶ್ವಾಸನಾಳ ತೆರೆಯುತ್ತದೆ, ಮಾಸ್ಟ್ ಕೋಶ ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ತಾನೇ ಚುಚ್ಚುವ ಪೆನ್ನು ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಆಂಪೂಲ್, ಸಿರಿಂಜ್ ಇಟ್ಟುಕೊಳ್ಳುವ ಬಗ್ಗೆ, ಎಷ್ಟು ಗೆರೆವರೆಗೆ ಎಳೆಯಬೇಕು ಅನ್ನುವುದರ ಬಗ್ಗೆ ವೈದ್ಯರಿಂದ ಬರೆಸಿಕೊಂಡು, ಅವರೆದುರೇ ಕಲಿತುಕೊಳ್ಳಿ. ಚುಚ್ಚಿದ ಮೇಲೆ ಮಲಗಿಸಿ ಕಾಲು ಎತ್ತರಕ್ಕಿಡಿ, ಎಬ್ಬಿಸಿ ನಡೆಸಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಕೂರಿಸಬಹುದು. 108 ಕ್ಕೆ ಕರೆ ಮಾಡಿ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಎರಡನೇ ಡೋಸ್. ಸರಿಹೋಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರಬಹುದು.

ವರ್ಷಗಟ್ಟಲೆ ಯಾಕೆ ಹೋಗುವುದಿಲ್ಲ

ರಕ್ತದಲ್ಲಿರುವ ಐಜಿಇ ಎರಡು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಮಾಸ್ಟ್ ಕೋಶಕ್ಕೆ ಅಂಟಿದ್ದು ವಾರಗಟ್ಟಲೆ ಉಳಿಯುತ್ತದೆ. ಆದರೆ ಅಲರ್ಜಿ ಹತ್ತಿಪ್ಪತ್ತು ವರ್ಷ ಇರುತ್ತದೆ, ಅಂದರೆ ಎಲ್ಲೋ ತಯಾರಿಕೆ ನಡೆಯುತ್ತಲೇ ಇರಬೇಕು. 2020 ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ಕಡಲೆಕಾಯಿ ಅಲರ್ಜಿ ಇರುವವರ ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲೇ ಐಜಿಇ ಮಾಡುವ ಪ್ಲಾಸ್ಮಾ ಕೋಶಗಳನ್ನು ಕಂಡಿತು. ಜೊತೆಗೆ ನೆನಪಿನ ಬಿ ಕೋಶಗಳಿವೆ, ಮತ್ತೆ ಆ ಪ್ರೋಟೀನ್ ಕಂಡಾಗ ಹೊಸ ಐಜಿಇ ಕೋಶಗಳಾಗಿ ಬದಲಾಗುತ್ತವೆ. ಹಾಲು, ಮೊಟ್ಟೆ ಅಲರ್ಜಿ ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ. ಕಡಲೆಕಾಯಿಯದ್ದು ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ.

ಚಿಕಿತ್ಸೆಯ ದಾರಿಗಳು ಈಗ ಇವೆ. ಚಿಟಿಕೆಯಷ್ಟರಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸುತ್ತಾ ಹೋಗುವ ಬಾಯಿ ಮೂಲಕದ ಚಿಕಿತ್ಸೆಯಲ್ಲಿ ಮಾಸ್ಟ್ ಕೋಶಗಳು ಮಂಕಾಗುತ್ತವೆ, ಐಜಿಜಿ4 ಏರುತ್ತದೆ. ನಿಲ್ಲಿಸಿದರೆ ಬಹಳ ಜನಕ್ಕೆ ಅಲರ್ಜಿ ಮರಳುತ್ತದೆ. ಒಂದರಿಂದ ಮೂರು ವರ್ಷದ ಮಕ್ಕಳ ಮೇಲೆ ನಡೆದು 2022 ರಲ್ಲಿ ಬಂದ, ಕಡಲೆಕಾಯಿ ಅಲರ್ಜಿಯ ಇಂಪ್ಯಾಕ್ಟ್ ಅಧ್ಯಯನದಲ್ಲಿ ಚಿಕಿತ್ಸೆ ಮುಗಿದಾಗ 71 ಶೇಕಡಾ ಮಕ್ಕಳು ತಡೆದುಕೊಂಡರು, ನಿಲ್ಲಿಸಿ ಆರು ತಿಂಗಳಾದ ಮೇಲೆ 21 ಶೇಕಡಾ. ಐಜಿಇಯನ್ನೇ ಹಿಡಿದು ಹಾಕುವ ಒಮಾಲಿಜುಮಾಬ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಫೆಬ್ರವರಿ 2024 ರಲ್ಲಿ ಊಟದ ಅಲರ್ಜಿಗೆಂದು ಒಪ್ಪಿಗೆ ಸಿಕ್ಕಿತು. ಅದು ಅಕಸ್ಮಾತ್ ಬಾಯಿಗೆ ಬಿದ್ದಾಗ ಕಾಪಾಡಲಿಕ್ಕೆ, ಬೇಕಾದ್ದು ತಿನ್ನಲಿಕ್ಕೆ ಅಲ್ಲ.

2023 ರಲ್ಲಿ ಬಂದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲರ್ಜಿ ಇರುವ ಇಲಿಗಳು ಮೊಟ್ಟೆ ಪ್ರೋಟೀನ್ ಬೆರೆಸಿದ ನೀರನ್ನು ಕುಡಿಯದೆ ದೂರ ಉಳಿಯುತ್ತವೆ, ಐಜಿಇ ಅಥವಾ ಮಾಸ್ಟ್ ಕೋಶ ಇಲ್ಲದಂತೆ ಮಾಡಿದರೆ ಆ ಜಾಗ್ರತೆಯೇ ಹೊರಟುಹೋಗುತ್ತದೆ. ಕರುಳಿನ ಕೋಶ ಮೆದುಳಿಗೆ "ಬೇಡ" ಅನ್ನುತ್ತಿದೆ ಅಂತಾಯಿತು. ಇಲಿಗಳ ವಿಷಯ ಮನುಷ್ಯರಿಗೆ ಹಾಗೇ ಅನ್ವಯಿಸುವುದಿಲ್ಲ ನಿಜ. ಆದರೂ ಮಗು ಒಂದೇ ತಿನಿಸನ್ನು ಪ್ರತಿ ಸಲ ತಳ್ಳಿದರೆ ಹಟ ಅಂತ ತುರುಕುವ ಮೊದಲು ಡೈರಿ ತಿರುವಿ ನೋಡಿ.

ಅಡುಗೆಮನೆ, ಹೋಟೆಲ್, ವರ್ಷದ ತಪಾಸಣೆ

ಪ್ಯಾಕೆಟ್ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ, ಗ್ಲುಟೆನ್ ಇರುವ ಧಾನ್ಯ ಇದ್ದರೆ ಬೇರೆಯಾಗಿ ನಮೂದಿಸಬೇಕು ಅಂತ ನಮ್ಮ ಆಹಾರ ಪ್ರಾಧಿಕಾರದ ನಿಯಮ ಇದೆ. ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿಲ್ಲ, ಅವಕ್ಕೆ ಅಲರ್ಜಿ ಇದ್ದರೆ ಪದಾರ್ಥಗಳ ಪಟ್ಟಿ ಪೂರ್ತಿ ಓದಿ. ಅಂಗಡಿಯ ಹಿಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಸಂಬರಿ ಯಾವುದರಲ್ಲೂ ಕಡಲೆಕಾಯಿ ಬಿದ್ದಿರಬಹುದು. ಹೋಟೆಲಿನಲ್ಲಿ "ಖಾರ ಕಡಿಮೆ" ಅಂದ ಹಾಗೆ "ಕಡಲೆಕಾಯಿ ಬೇಡ" ಅಂದರೆ ಮೇಲಿನದನ್ನು ಆರಿಸಿ ತೆಗೆದು ಕೊಡುತ್ತಾರೆ, ಅಲರ್ಜಿ, ಆಸ್ಪತ್ರೆ ಅನ್ನುವ ಪದ ಬಳಸಿಯೇ ಹೇಳಿ. ಬೋಂಡಾ ಕರಿದ ಎಣ್ಣೆಯಲ್ಲೇ ಮೀನು, ಮೊಟ್ಟೆ ಕರಿದಿದ್ದಾರಾ ಅಂತಲೂ ಕೇಳಿ.

ಮಕ್ಕಳಾದರೆ ವರ್ಷಕ್ಕೊಮ್ಮೆ ಅಲರ್ಜಿ ವೈದ್ಯರ ಹತ್ತಿರ ಹೋಗಿ ತೂಕ, ಎತ್ತರ, ಐಜಿಇ ಮಟ್ಟ ನೋಡಿಸಿ. ಮಟ್ಟ ಇಳಿಯುತ್ತಿದ್ದರೆ ತಿನ್ನಿಸಿ ನೋಡುವ ಪರೀಕ್ಷೆಗೆ ದಿನ ಕೇಳಿ. ತೂಕ ಏರಿದ ಹಾಗೆ ಅಡ್ರಿನಲಿನ್ ಡೋಸ್ ಕೂಡ ಬದಲಾಗುತ್ತದೆ, ಶಾಲೆಯಲ್ಲಿ ಕೊಟ್ಟಿರುವ ಚೀಟಿಯನ್ನೂ ಅದೇ ದಿನ ಬದಲಿಸಿ, ಆಂಪೂಲ್ ಮೇಲಿನ ಅವಧಿ ಮುಗಿಯುವ ತಿಂಗಳನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.